ಒಂದೇ ಮಾತು, ಎರಡು ತೀರ್ಮಾನ: ಒಪ್ಪಿಗೆಯಿಲ್ಲದ ದಾಖಲಾತಿಯನ್ನು ಮನೋವೈದ್ಯರು ಹೇಗೆ ನಿರ್ಧರಿಸುತ್ತಾರೆ?

ಪ್ರಶ್ನೆ: ಮಲೆನಾಡಿನ ಅಕ್ಕ

ನನ್ನ ತಮ್ಮನಿಗೆ 31 ವರ್ಷ. 6 ವರ್ಷಗಳ ಹಿಂದೆ ಒಮ್ಮೆ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದು ಚೇತರಿಸಿಕೊಂಡಿದ್ದ, ಕೆಲಸಕ್ಕೂ ಹೋಗುತ್ತಿದ್ದ. ಐದು ತಿಂಗಳ ಹಿಂದೆ ಮಾತ್ರೆ ನಿಲ್ಲಿಸಿದ. ಅಮ್ಮ ಮಾಡುವ ಅಡುಗೆಯಲ್ಲಿ ಏನೋ ಬೆರೆಸುತ್ತಿದ್ದಾರೆ ಎಂಬ ಅನುಮಾನ ಅವನಿಗೆ ಬಲವಾಗಿ, ಅಂಗಡಿಯಿಂದ ತಾನೇ ತಂದ ಬಾಳೆಹಣ್ಣು, ಬ್ರೆಡ್ಡು, ಎಳನೀರು ಇವುಗಳ ಮೇಲೆಯೇ ದಿನ ಕಳೆಯತೊಡಗಿದ. ಯಾರ ಮೇಲೂ ಕೈ ಮಾಡಿದವನಲ್ಲ, ಸಾಯುತ್ತೇನೆ ಎಂದವನೂ ಅಲ್ಲ.

ಒಂದು ಸೋಮವಾರ ಹೇಗೋ ಒಪ್ಪಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿನ ಮನೋವೈದ್ಯರು ಅವನೊಬ್ಬನ ಜೊತೆ ಸುಮಾರು ಮುಕ್ಕಾಲು ಗಂಟೆ ಮಾತನಾಡಿ, ಕಾಯಿಲೆ ಮರುಕಳಿಸಿದೆ, ಆದರೆ ಇವರ ಒಪ್ಪಿಗೆಯಿಲ್ಲದೆ ಸೇರಿಸಿಕೊಳ್ಳಲು ಈಗ ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಹೇಳಿ, ಮಾತ್ರೆ ಬರೆದುಕೊಟ್ಟು ಕಳುಹಿಸಿದರು. ಮಾತ್ರೆಯನ್ನು ಅವನು ಮುಟ್ಟಲಿಲ್ಲ. ಅದಾಗಿ 9 ದಿನಕ್ಕೆ, ಬುಧವಾರ, ಬಚ್ಚಲಮನೆಯಲ್ಲಿ ತಲೆಸುತ್ತಿ ಬಿದ್ದ. ಆ ಹೊತ್ತಿಗೆ ಮನೆಯ ನೀರು ಕುಡಿಯುವುದನ್ನೂ ಬಿಟ್ಟಿದ್ದ. ಬೇರೊಂದು ಆಸ್ಪತ್ರೆಯಲ್ಲಿ ಒಬ್ಬ ಮನೋವೈದ್ಯೆಯೂ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟರೂ ಪ್ರತ್ಯೇಕವಾಗಿ ಅವನನ್ನು ನೋಡಿ, ಅಂದೇ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಸೆಕ್ಷನ್ 89ರ ಅಡಿಯಲ್ಲಿ, ಅಂದರೆ ಅವನ ಒಪ್ಪಿಗೆಯಿಲ್ಲದೆ, ದಾಖಲಿಸಿಕೊಂಡರು. ಅರ್ಜಿಗೆ ಸಹಿ ಹಾಕಿದವಳು ನಾನು.

ಎರಡೂ ಕಡೆ ಅವನು ಹೇಳಿದ್ದು ಒಂದೇ ಮಾತು: ನನಗೆ ಕಾಯಿಲೆಯಿಲ್ಲ, ಆಸ್ಪತ್ರೆ ಬೇಡ, ಮಾತ್ರೆ ಬೇಡ. ಕಾನೂನು ಒಂದೇ, ತಮ್ಮನೂ ಒಬ್ಬನೇ. ಹಾಗಿರುವಾಗ ತೀರ್ಮಾನ ಎರಡಾಗಿದ್ದು ಹೇಗೆ? ಇದು ಆಯಾ ವೈದ್ಯರ ಸ್ವಭಾವದ ಪ್ರಶ್ನೆಯೇ, ಅಥವಾ ಒಳಗೆ ಕುಳಿತು ಅವರು ಅಳೆಯುವಂಥದ್ದು ನಮಗೆ ಕಾಣದ ಬೇರೇನಾದರೂ ಇದೆಯೇ? ಯಾರನ್ನೂ ದೂರುವ ಉದ್ದೇಶ ನನ್ನದಲ್ಲ. ನಾನು ಹಾಕಿದ ಸಹಿಯ ಅರ್ಥ ನನಗೆ ತಿಳಿಯಬೇಕಾಗಿದೆ.

ಉತ್ತರ 1: ಜಿಲ್ಲಾ ಮನೋವೈದ್ಯ

ನಿಮ್ಮ ಪ್ರಶ್ನೆಯ ಉತ್ತರದ ಒಂದು ಭಾಗ ನಿಮ್ಮ ಬರಹದಲ್ಲೇ ಇದೆ. ಸೋಮವಾರದ ತಮ್ಮ ಬಾಳೆಹಣ್ಣು ತಿಂದು ಎಳನೀರು ಕುಡಿಯುತ್ತಿದ್ದ, ಬುಧವಾರದ ತಮ್ಮ ನೀರನ್ನೂ ಬಿಟ್ಟು ಬಿದ್ದಿದ್ದ. ಅವನ ಮಾತು ಬದಲಾಗಿರಲಿಲ್ಲ, ದೇಹದ ಸ್ಥಿತಿ ಬದಲಾಗಿತ್ತು. ಇನ್ನೊಂದು ಭಾಗ ಕಾಯ್ದೆಯ ಮಾತುಗಳಲ್ಲಿದೆ. ಮೂರನೆಯ ಭಾಗ, ನೀವು ಊಹಿಸಿರುವಂತೆ, ನಾವು ಮನುಷ್ಯರು ತೀರ್ಮಾನಕ್ಕೆ ಬರುವ ರೀತಿಯಲ್ಲಿದೆ.

2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಕಾಯಿಲೆ ಇದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಒಳಗಿಡಲು ಬಿಡುವುದಿಲ್ಲ. ಸೆಕ್ಷನ್ 89ರಲ್ಲಿ ನಾಮನಿರ್ದೇಶಿತ ಪ್ರತಿನಿಧಿಯ, ಅಂದರೆ ರೋಗಿಯ ಪರವಾಗಿ ನಿಲ್ಲುವವರ (ಇಲ್ಲಿ ನಿಮ್ಮ), ಅರ್ಜಿ ಇರಬೇಕು. ದಾಖಲಾತಿಯ ದಿನ ಅಥವಾ ಅದರ ಹಿಂದಿನ 7 ದಿನಗಳೊಳಗೆ ಇಬ್ಬರು ಸ್ವತಂತ್ರವಾಗಿ ಪರೀಕ್ಷಿಸಿರಬೇಕು. ಅವರಲ್ಲಿ ಒಬ್ಬರು ಮನೋವೈದ್ಯರು, ಇನ್ನೊಬ್ಬರು ಮಾನಸಿಕ ಆರೋಗ್ಯ ವೃತ್ತಿಪರರು ಇಲ್ಲವೇ ವೈದ್ಯರು. ಆ ವ್ಯಕ್ತಿ ಇತ್ತೀಚೆಗೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಬೆದರಿಕೆಯನ್ನೋ ಪ್ರಯತ್ನವನ್ನೋ ಮಾಡಿರಬೇಕು, ಅಥವಾ ಇತರರ ಮೇಲೆ ಹಿಂಸೆಗಿಳಿದಿರಬೇಕು ಇಲ್ಲವೇ ಅಂಥ ಭಯ ಹುಟ್ಟಿಸಿರಬೇಕು, ಅಥವಾ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಪಾಯಕ್ಕೆ ಒಡ್ಡಿಕೊಂಡಿರಬೇಕು. ಇಷ್ಟೇ ಸಾಲದು. ದಾಖಲಾತಿಗಿಂತ ಕಡಿಮೆ ನಿರ್ಬಂಧದ ಬೇರೆ ದಾರಿ ಉಳಿದಿಲ್ಲವೆಂದೂ, ಚಿಕಿತ್ಸೆಯ ಬಗ್ಗೆ ಸ್ವತಂತ್ರವಾಗಿ ನಿರ್ಧರಿಸುವ ಸಾಮರ್ಥ್ಯ ಸದ್ಯಕ್ಕೆ ಆ ವ್ಯಕ್ತಿಗೆ ಇಲ್ಲವೆಂದೂ ನಾವು ದೃಢೀಕರಿಸಬೇಕು. ನಿಮ್ಮ ತಮ್ಮನ ವಿಷಯದಲ್ಲಿ ಮೊದಲ ಎರಡು ಅಪಾಯಗಳ ಮಾತೇ ಬರಲಿಲ್ಲ. ಎಲ್ಲವೂ ನಿಂತದ್ದು ಮೂರನೆಯದರ ಮೇಲೆ. ಅದನ್ನು ಅಳೆಯುವುದು ಅತ್ಯಂತ ಕಷ್ಟ, ಏಕೆಂದರೆ ನೇಣಿನ ಹಗ್ಗದಂತೆ, ಮುರಿದ ಬಾಗಿಲಿನಂತೆ ಅದು ಕಣ್ಣಿಗೆ ಹೊಡೆಯುವುದಿಲ್ಲ. ದಿನಕ್ಕೆ ಇಷ್ಟಿಷ್ಟೇ ಬೆಳೆಯುತ್ತದೆ.

ಆದರೆ ವೈದ್ಯರಿಂದ ವೈದ್ಯರಿಗೆ ಹೆಚ್ಚು ವ್ಯತ್ಯಾಸವಾಗುವುದು ಸಾಮರ್ಥ್ಯದ ಪ್ರಶ್ನೆಯಲ್ಲಿ. ಸೆಕ್ಷನ್ 4 ಮೂರು ಅಂಶಗಳನ್ನು ಹೇಳುತ್ತದೆ: ಮಾಹಿತಿಯನ್ನು ಅರ್ಥಮಾಡಿಕೊಳ್ಳುವುದು, ತನ್ನ ನಿರ್ಧಾರದ ಪರಿಣಾಮವನ್ನು ಮನಗಾಣುವುದು, ನಿರ್ಧಾರವನ್ನು ಮಾತಿನಿಂದಲೋ ಸನ್ನೆಯಿಂದಲೋ ತಿಳಿಸುವುದು. ಇವುಗಳ ನಡುವೆ ಕಾಯ್ದೆ ಬಳಸಿರುವ ಪದ ‘ಮತ್ತು’ ಅಲ್ಲ, ‘ಅಥವಾ’. ಅಕ್ಷರಶಃ ಓದಿದರೆ, ‘ಬೇಡ’ ಎಂದು ಬಾಯಿಬಿಟ್ಟು ಹೇಳಬಲ್ಲ ಪ್ರತಿಯೊಬ್ಬರಿಗೂ ಸಾಮರ್ಥ್ಯವಿದೆ ಎಂದಾಗಿಬಿಡುತ್ತದೆ. ಹಾಗೆಯೇ ಓದಿ, ರೋಗಿಯ ಸ್ವಾತಂತ್ರ್ಯದ ಕಡೆಗೆ ವಾಲುವ ಸಹೋದ್ಯೋಗಿಗಳಿದ್ದಾರೆ, ಮೂರನ್ನೂ ಒಟ್ಟಾಗಿ ನೋಡುವವರೂ ಇದ್ದಾರೆ. ನಿಮ್ಮ ತಮ್ಮನನ್ನು ನೋಡಿದ ಇಬ್ಬರು ವೈದ್ಯರ ನಡುವೆ ಈ ಒಂದು ಪದವೂ ನಿಂತಿದ್ದಿರಬಹುದು.

ನಾನು ಹೇಗೆ ಕೇಳುತ್ತೇನೆಂದು ಹೇಳುತ್ತೇನೆ. ‘ನಿಮಗೆ ಕಾಯಿಲೆ ಇದೆಯೇ’ ಎಂದು ಕೇಳಿ, ಅವರು ಇಲ್ಲ ಎಂದ ಮಾತ್ರಕ್ಕೆ ಸಾಮರ್ಥ್ಯವಿಲ್ಲ ಎಂದು ಬರೆದರೆ ಅದು ಅನ್ಯಾಯ. ಇತರರ ಕಣ್ಣಿಗೆ ತಪ್ಪಾಗಿ ಕಾಣುವ ನಿರ್ಧಾರ ಮಾಡಿದರು ಎಂಬುದಷ್ಟರಿಂದಲೇ ಸಾಮರ್ಥ್ಯವಿಲ್ಲವೆನ್ನಲಾಗದು ಎಂದು ಕಾಯ್ದೆಯೇ ಹೇಳುತ್ತದೆ. ನಾನು ಕೇಳುವುದು, ‘ಇನ್ನೊಂದು ತಿಂಗಳು ಹೀಗೇ ತಿನ್ನದೆ ಇದ್ದರೆ ನಿಮ್ಮ ಮೈಗೆ ಏನಾಗಬಹುದು?’ ಎಂದು. ‘ಸೊರಗುತ್ತೇನೆ, ಅದು ನನಗೂ ಗೊತ್ತು, ಅದಕ್ಕೇ ನಾಳೆಯಿಂದ ಹೋಟೆಲಿನಲ್ಲಿ ಊಟ ಮಾಡುತ್ತೇನೆ’ ಎನ್ನುವವರ ಅನುಮಾನ ಎಷ್ಟೇ ಸುಳ್ಳಾಗಿದ್ದರೂ ಪರಿಣಾಮ ಅವರ ಅರಿವಿನಲ್ಲಿದೆ. ‘ಏನೂ ಆಗುವುದಿಲ್ಲ, ನನಗೆ ಅನ್ನದ ಅಗತ್ಯವೇ ಇಲ್ಲ’ ಎನ್ನುವವರಲ್ಲಿ ಆ ಅರಿವನ್ನೇ ಕಾಯಿಲೆ ಕಸಿದುಕೊಂಡಿದೆ. ಇನ್ನೊಂದು ಬಗೆಯ ‘ಬೇಡ’ವೂ ಇದೆ. ಮನಸ್ಸಿನ ಏರಿಳಿತ ತಡೆಯುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದ ಒಬ್ಬ ದರ್ಜಿ, ಕೈ ನಡುಗಿ ಸೂಜಿಗೆ ದಾರ ಪೋಣಿಸಲಾಗುತ್ತಿಲ್ಲ, ಈ ಮಾತ್ರೆ ನನಗೆ ಬೇಡ ಎಂದರು. ಮನೆಯವರು ಅದನ್ನು ಹಟ ಎಂದರು. ನನಗೆ ಅದರಲ್ಲಿ ಕಂಡದ್ದು ಹೊಟ್ಟೆಪಾಡನ್ನು ತೂಗಿ ನೋಡಿದ ವಿವೇಚನೆ.

ಇನ್ನು ಮೂರನೆಯ ಭಾಗ. ರೋಗಿ ಕೋಣೆಯೊಳಗೆ ಬಂದ ಮೊದಲ ಐದು ನಿಮಿಷಗಳಲ್ಲೇ ನಮ್ಮೊಳಗೆ ಒಂದು ಅಭಿಪ್ರಾಯ ಮೂಡಿಬಿಟ್ಟಿರುತ್ತದೆ. ನಡಿಗೆ, ಬಟ್ಟೆ, ಕಣ್ಣು, ಜೊತೆಗೆ ಬಂದವರ ಮುಖ ಎಲ್ಲವೂ ಸೇರಿ ಅದು ಮೂಡುತ್ತದೆ, ಅನುಭವ ಹೆಚ್ಚಿದಂತೆ ಬೇಗ ಮೂಡುತ್ತದೆ. ಅದು ಬಹಳ ಸಲ ಸರಿಯಾಗಿಯೇ ಇರುತ್ತದೆ, ಅಪಾಯ ಇರುವುದೂ ಅಲ್ಲೇ. ಉಳಿದ ನಲವತ್ತು ನಿಮಿಷ ಆ ಅಭಿಪ್ರಾಯಕ್ಕೆ ಪುರಾವೆ ಕೂಡಿಸುವುದರಲ್ಲಿ ಕಳೆಯುತ್ತದೆಯೇ, ಅಥವಾ ಅದನ್ನು ಪರೀಕ್ಷಿಸುವುದರಲ್ಲಿ ಕಳೆಯುತ್ತದೆಯೇ ಎಂಬುದರ ಮೇಲೆ ತೀರ್ಮಾನದ ಗುಣ ನಿಂತಿದೆ. ಹಾಸಿಗೆ ಖಾಲಿ ಇದೆಯೇ, ಇವರು ನೂರೈವತ್ತು ಕಿಲೋಮೀಟರ್ ಬಸ್ಸಿನಲ್ಲಿ ಬಂದಿದ್ದಾರಲ್ಲ, ಕಳುಹಿಸಿದ ಮೇಲೆ ಏನಾದರೂ ಆದರೆ ನನ್ನ ಗತಿಯೇನು ಎಂಬ ಯೋಚನೆಗಳಿಗೆ ಕಾಯ್ದೆಯಲ್ಲಿ ಜಾಗವಿಲ್ಲ, ಆದರೆ ತಲೆಯಲ್ಲಿ ಜಾಗವಿದೆ. ನಾನು ಹೊಸಬನಾಗಿದ್ದಾಗ, ಸಂಜೆ ಆರರ ಹೊತ್ತಿಗೆ, ಸ್ಪಷ್ಟವಾಗಿ ಮಾತನಾಡಿದ ಒಬ್ಬ ಹೆಂಗಸನ್ನು ಮನೆಗೆ ಕಳುಹಿಸಿದ್ದೆ. ಮೂರು ದಿನಗಳಿಂದ ನಿದ್ರೆಯಿಲ್ಲ ಎಂಬುದನ್ನು ಅವರ ಮಗಳು ಬಾಗಿಲಾಚೆಯಿಂದ ಹೇಳಲು ಯತ್ನಿಸಿದ್ದಳು, ನಾನು ಆಮೇಲೆ ಎಂದಿದ್ದೆ. ಆಕೆ ಬದುಕುಳಿದರು. ಆದರೆ ಅಂದಿನಿಂದ, ಮನೆಯವರ ಮಾತು ಕೇಳದೆ ನಾನು ಯಾವ ಟಿಪ್ಪಣಿಗೂ ಸಹಿ ಹಾಕಿಲ್ಲ.

ಇಬ್ಬರು ‘ಸ್ವತಂತ್ರವಾಗಿ’ ಪರೀಕ್ಷಿಸಬೇಕೆಂಬುದರ ಅರ್ಥವೂ ಇದೇ. ಎರಡನೆಯವರು ಮೊದಲನೆಯವರ ಟಿಪ್ಪಣಿ ಓದಿಕೊಂಡು ಒಳಗೆ ಹೋದರೆ ಪರೀಕ್ಷೆ ಎರಡಾದರೂ ಅಭಿಪ್ರಾಯ ಒಂದೇ ಆಗಿರುತ್ತದೆ. ನಮ್ಮಲ್ಲಿ ಇಬ್ಬರೂ ತಮ್ಮ ತಮ್ಮ ಕಾರಣಗಳನ್ನು ಬರೆದು ಮುಗಿಸುವವರೆಗೆ ಪರಸ್ಪರ ಮಾತನಾಡುವುದಿಲ್ಲ.

ಉತ್ತರ 2: ಸಮಾಜ ಕಾರ್ಯಕರ್ತೆ, ಉತ್ತರ ಕರ್ನಾಟಕ

ವೈದ್ಯರು ‘ಮನೆಯವರ ಮಾತು’ ಎಂದಿದ್ದಾರೆ. ಹದಿನಾಲ್ಕು ವರ್ಷ ಮನೋವೈದ್ಯಕೀಯ ಸಮಾಜ ಕಾರ್ಯ ಮಾಡಿರುವ ನನಗೆ ಅನಿಸುವುದೇನೆಂದರೆ, ಮನೆ ಒಂದೇ ದನಿಯಲ್ಲಿ ಮಾತನಾಡುವುದು ಅಪರೂಪ. ಅಮ್ಮ ಒಂದು ಹೇಳುತ್ತಾರೆ, ಅತ್ತಿಗೆ ಇನ್ನೊಂದು ಹೇಳುತ್ತಾರೆ, ಆಸ್ತಿ ಪಾಲಾಗದ ಅಣ್ಣ ಮತ್ತೊಂದು ಹೇಳುತ್ತಾನೆ. ಹೆಂಡತಿಯನ್ನು ಕರೆತಂದ ಗಂಡ ‘ಇವಳು ಎದುರು ಮಾತನಾಡುತ್ತಾಳೆ’ ಎಂಬುದನ್ನೇ ಲಕ್ಷಣವೆಂದು ವಿವರಿಸಿದ್ದನ್ನು ನಾನು ಕೇಳಿದ್ದೇನೆ. ಸಮಾಜದ ಅಥವಾ ಸಮುದಾಯದ ನಡಾವಳಿಗೆ ಹೊಂದಿಕೊಳ್ಳದಿರುವುದನ್ನು ಕಾಯಿಲೆಯೆಂದು ಎಣಿಸಬಾರದು, ಹಿಂದೊಮ್ಮೆ ಚಿಕಿತ್ಸೆ ಪಡೆದಿದ್ದರು ಎಂಬುದೊಂದರಿಂದಲೇ ಈಗಲೂ ಕಾಯಿಲೆಯಿದೆ ಎನ್ನಬಾರದು ಎಂದು ಸೆಕ್ಷನ್ 3 ಹೇಳುವುದು ಇಂಥ ಸಂದರ್ಭಗಳಿಗಾಗಿಯೇ. ಮಹಿಳೆಯರ ಮತ್ತು ಅಪ್ರಾಪ್ತರ ದಾಖಲಾತಿಯನ್ನು ಪರಿಶೀಲನಾ ಮಂಡಳಿಗೆ (ಇಂಥ ದಾಖಲಾತಿಗಳನ್ನು ಪರಿಶೀಲಿಸಲು ಕಾಯ್ದೆಯಡಿ ಇರುವ ಮಂಡಳಿ) 3 ದಿನಗಳೊಳಗೆ, ಉಳಿದವರದ್ದನ್ನು 7 ದಿನಗಳೊಳಗೆ ತಿಳಿಸಬೇಕೆಂದು ಬೇರೆ ಬೇರೆ ಗಡುವು ಇಟ್ಟಿರುವುದರ ಹಿಂದೆಯೂ ಇದೇ ಎಚ್ಚರ ಇದೆಯೆಂದು ನಾನು ತಿಳಿದಿದ್ದೇನೆ.

ಮನೆಯವರ ದಣಿವು ದಾಖಲಾತಿಗೆ ಕಾರಣವಾಗಲಾರದು. ಆದರೆ ‘ಕಡಿಮೆ ನಿರ್ಬಂಧದ ದಾರಿ’ ನಿಜವಾಗಿಯೂ ಇದೆಯೇ ಎಂದು ನೋಡುವಾಗ ಆ ದಣಿವು ಲೆಕ್ಕಕ್ಕೆ ಬಂದೇ ಬರುತ್ತದೆ. ವಯಸ್ಸಾದ ತಾಯಿಯೊಬ್ಬರೇ ಇರುವ ಮನೆಗೆ, ಅದರಲ್ಲೂ ಆ ತಾಯಿಯ ಮೇಲೆಯೇ ಅನುಮಾನವಿರುವಾಗ, ‘ಮಾತ್ರೆ ಕೊಡಿ’ ಎಂದು ಬರೆದುಕೊಟ್ಟರೆ ಅದು ಕಾಗದದ ಮೇಲಿನ ದಾರಿ. ತಾಲ್ಲೂಕು ಆಸ್ಪತ್ರೆಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಬರುವ ದಿನ ಯಾವುದು, ವ್ಯಕ್ತಿ ಒಪ್ಪಿದರೆ ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಸಾಧ್ಯವೇ, ಅವನು ನಂಬುವ ಮಾವನೋ ಗೆಳೆಯನೋ ಇದ್ದಾನೆಯೇ, ಕೆಲವು ದಿನ ಬೇರೆ ಮನೆಯಲ್ಲಿರಬಹುದೇ ಎಂದು ಕೇಳಿ ನೋಡಿ, ಒಂದೂ ಆಗದು ಎಂದಾದ ಮೇಲೆ ಮಾತ್ರ ಆಸ್ಪತ್ರೆ. ಸೋಮವಾರದ ದಿನ ಇದನ್ನು ಯಾರಾದರೂ ನಿಮ್ಮನ್ನು ಕೇಳಿದ್ದರೇ, ಅಕ್ಕ? ಕೇಳಿರದಿದ್ದರೆ, ಆ ದಿನದ ಪರೀಕ್ಷೆಯಲ್ಲಿ ತಪ್ಪಿಹೋದದ್ದು ಅದೇ ಎಂದು ನನ್ನ ಭಾವನೆ. ಸೇರಿಸಿಕೊಳ್ಳದಿದ್ದ ತೀರ್ಮಾನ ಅಂದಿಗೆ ಸರಿಯಾಗಿಯೇ ಇದ್ದಿರಬಹುದು.

ಭಾಷೆಯ ಬಗ್ಗೆಯೂ ಒಂದು ಮಾತು ಸೇರಿಸಬೇಕು. ಅರ್ಥವಾಗುವ ಸರಳ ಭಾಷೆಯಲ್ಲಿ, ಬೇಕಾದರೆ ಸಂಜ್ಞೆಯಲ್ಲಿ ಅಥವಾ ಚಿತ್ರದ ಮೂಲಕ ಮಾಹಿತಿ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಲಂಬಾಣಿ ತಾಂಡಾದಿಂದ ಬಂದ ಹಿರಿಯರೊಬ್ಬರನ್ನು ಪುಸ್ತಕದ ಕನ್ನಡದಲ್ಲಿ ಪ್ರಶ್ನಿಸಿ, ಅವರು ಸುಮ್ಮನೆ ಕುಳಿತದ್ದನ್ನು ‘ಸ್ಪಂದಿಸುತ್ತಿಲ್ಲ’ ಎಂದು ಬರೆದ ಕೇಸ್ ಶೀಟನ್ನು ನಾನು ನೋಡಿದ್ದೇನೆ. ಮೊಮ್ಮಗನನ್ನು ಕರೆಸಿ ಅವರ ಮಾತಿನಲ್ಲೇ ಕೇಳಿಸಿದಾಗ ಅವರು ಅರ್ಧ ಗಂಟೆ ಮಾತನಾಡಿದರು. ಮೊಮ್ಮಗನನ್ನು ದುಭಾಷಿಯಾಗಿ ಕೂರಿಸುವುದೂ ಸರಿಯಾದ ಕ್ರಮವಲ್ಲ, ಆದರೆ ಆ ದಿನ ಬೇರೆ ಯಾರೂ ಇರಲಿಲ್ಲ.

ಉತ್ತರ 3: ಮೈಸೂರಿನವಳು, ಈಗ ಇಂಗ್ಲೆಂಡಿನಲ್ಲಿ

ನಾನು ಇಲ್ಲಿ ಇದೇ ಕೆಲಸದಲ್ಲಿದ್ದೇನೆ, ಆದ್ದರಿಂದ ಹೋಲಿಕೆಗಾಗಿ ಬರೆಯುತ್ತಿದ್ದೇನೆ. ಇಂಗ್ಲೆಂಡಿನ 1983ರ ಮೆಂಟಲ್ ಹೆಲ್ತ್ ಆಕ್ಟ್ ಅಡಿಯಲ್ಲಿ ಸಾಮಾನ್ಯವಾಗಿ ಇಬ್ಬರು ವೈದ್ಯರು ಶಿಫಾರಸು ಮಾಡುತ್ತಾರೆ, ಆದರೆ ದಾಖಲಾತಿಗೆ ಅರ್ಜಿ ಹಾಕುವ ಹೊಣೆ ಹೆಚ್ಚಾಗಿ ನನ್ನಂಥ ಅಪ್ರೂವ್ಡ್ ಮೆಂಟಲ್ ಹೆಲ್ತ್ ಪ್ರೊಫೆಷನಲ್ ಮೇಲಿರುತ್ತದೆ. ಈ ಹುದ್ದೆಗೆ ವೈದ್ಯರು ಬರುವಂತಿಲ್ಲ. ಮೊದಲು ಸಮಾಜ ಕಾರ್ಯಕರ್ತರಷ್ಟೇ ಇದನ್ನು ಮಾಡುತ್ತಿದ್ದರು, 2007ರ ತಿದ್ದುಪಡಿಯ ನಂತರ ನರ್ಸ್‌ಗಳು, ಸೈಕಾಲಜಿಸ್ಟ್‌ಗಳು, ಆಕ್ಯುಪೇಷನಲ್ ಥೆರಪಿಸ್ಟ್‌ಗಳೂ ತರಬೇತಿ ಪಡೆದು ಮಾಡಬಹುದಾಗಿದೆ. ಇಬ್ಬರು ವೈದ್ಯರೂ ಬೇಕೆಂದರೂ, ಎಲ್ಲ ಸಂದರ್ಭಗಳನ್ನು ನೋಡಿದ ಮೇಲೆ ಬೇಡವೆಂದು ನನಗನಿಸಿದರೆ ನಾನು ಅರ್ಜಿ ಹಾಕದಿರಬಹುದು. ವೈದ್ಯರು ಕಾಯಿಲೆಯ ಕಡೆಯಿಂದ ಬಂದರೆ ನಾನು ಬದುಕಿನ ಕಡೆಯಿಂದ ಬರಬೇಕು ಎಂಬುದು ಇದರ ಹಿಂದಿನ ಆಲೋಚನೆ. ಮನೆಯ ಬಾಗಿಲಲ್ಲಿ ಪೊಲೀಸರೂ ಆಂಬುಲೆನ್ಸೂ ಕಾಯುತ್ತಿರುವಾಗ ‘ಇಲ್ಲ’ ಎನ್ನುವುದು ಸುಲಭವೆಂದು ಮಾತ್ರ ಯಾರೂ ತಿಳಿಯಬಾರದು.

ಮುಖ್ಯ ವ್ಯತ್ಯಾಸ ಇನ್ನೊಂದಿದೆ. ಸೆಕ್ಷನ್ 2ರಲ್ಲಿ 28 ದಿನ, ಸೆಕ್ಷನ್ 3ರಲ್ಲಿ ಮೊದಲಿಗೆ 6 ತಿಂಗಳವರೆಗೆ ಇಲ್ಲಿ ಒಳಗಿಡಬಹುದು, ಅದಕ್ಕೆ ನಿರ್ಧಾರ ಸಾಮರ್ಥ್ಯ ಇಲ್ಲದಿರಲೇಬೇಕೆಂಬ ನಿಯಮ ಇಲ್ಲ. ಸಾಮರ್ಥ್ಯವಿದ್ದು ಬೇಡವೆನ್ನುವವರನ್ನೂ ಅಪಾಯದ ಆಧಾರದ ಮೇಲೆ ಸೇರಿಸಬಹುದು. ಭಾರತದ ಕಾಯ್ದೆ ಸಾಮರ್ಥ್ಯವನ್ನು ಹೊಸ್ತಿಲಾಗಿ ಇಟ್ಟಿದೆ. ನನ್ನ ಮಟ್ಟಿಗೆ ಅದು ಹೆಚ್ಚು ಗೌರವದ ಕಾನೂನು. ಆದರೆ ಆ ಹೊಸ್ತಿಲನ್ನು ಕಾಯುವ, ವೈದ್ಯರಲ್ಲದ ಮೂರನೆಯ ವ್ಯಕ್ತಿ ಅಲ್ಲಿ ಇಲ್ಲ. ಆ ಜಾಗದಲ್ಲಿ ಪ್ರತಿನಿಧಿಯಾಗಿ ನಿಂತಿರುವುದು ಅಕ್ಕ, ಅದೂ ಭಾರವನ್ನೆಲ್ಲ ಹೊತ್ತುಕೊಂಡು.

ಉತ್ತರ 4: ಒಳಗಿದ್ದು ಬಂದವನು

ನನ್ನನ್ನು ಹೀಗೆ ಎರಡು ಸಲ ಪರೀಕ್ಷಿಸಿದ್ದಾರೆ. ಒಂದು ಸಲ ಸೇರಿಸಿದರು, ಒಂದು ಸಲ ಬಿಟ್ಟರು. ಸೇರಿಸಿದ ವೈದ್ಯೆಯ ಮೇಲೆ ನನಗೆ ಸಿಟ್ಟಿಲ್ಲ, ಬಿಟ್ಟವರ ಮೇಲಿದೆ. ಬಿಟ್ಟವರು ನನ್ನ ಕಡೆ ನೋಡದೆ, ನನ್ನ ಅಣ್ಣನನ್ನೇ ಪ್ರಶ್ನೆ ಕೇಳಿ, ಕೊನೆಗೆ ‘ಸೈನ್ ಮಾಡ್ತೀರಾ?’ ಎಂದು ನನ್ನ ಮುಂದೆ ಒಂದು ಫಾರಂ ಇಟ್ಟರು. ನಾನು ಇಲ್ಲ ಎಂದೆ, ಮುಗಿಯಿತು. ಸೇರಿಸಿದ ವೈದ್ಯೆ ಮಾತ್ರ ತಾವು ಯಾರು, ಯಾಕೆ ಬಂದಿದ್ದಾರೆ ಎಂದು ತಿಳಿಸಿ, ‘ಈ ಮಾತುಕತೆಯ ಕೊನೆಗೆ ನಿಮ್ಮನ್ನು ಇಲ್ಲಿ ಇರಿಸಿಕೊಳ್ಳಬೇಕೆಂದು ನಾನು ತೀರ್ಮಾನಿಸಬಹುದು’ ಎಂದು ಮೊದಲೇ ಹೇಳಿದರು. ಆ ಕ್ಷಣ ಕುರ್ಚಿ ಎತ್ತಿ ಎಸೆಯಬೇಕೆನಿಸಿತ್ತು. ಆದರೂ ಅವರು ನನಗೆ ಸುಳ್ಳು ಹೇಳಲಿಲ್ಲ. ಏಳನೆಯ ದಿನ ಬಂದು ಮತ್ತೆ ಅದೇ ಪ್ರಶ್ನೆಗಳನ್ನು ಕೇಳಿದಾಗ ನನ್ನ ಉತ್ತರ ಬೇರೆಯಾಗಿತ್ತು, ಅವರು ಅದನ್ನು ನನ್ನೆದುರೇ ಬರೆದುಕೊಂಡರು.

ನಿಮ್ಮ ತಮ್ಮ ಎರಡೂ ಕಡೆ ಒಂದೇ ಮಾತು ಹೇಳಿದ ಎಂದಿರಿ. ಹೆದರಿದವನಿಗೆ ಉಳಿದಿರುವುದು ಆ ಒಂದೇ ಮಾತು, ಅಕ್ಕ. ಬೇರೆ ಮಾತು ಹುಟ್ಟುವಷ್ಟು ಹೊತ್ತು ಯಾರು ಕುಳಿತರು ಎಂಬುದನ್ನು ಅವನು ಮರೆಯುವುದಿಲ್ಲ.

ಮರುಪ್ರಶ್ನೆ: ಮಲೆನಾಡಿನ ಅಕ್ಕ

ಎಲ್ಲರಿಗೂ ಕೃತಜ್ಞತೆಗಳು. ಸಮಾಜ ಕಾರ್ಯಕರ್ತೆಯವರ ಪ್ರಶ್ನೆಗೆ ಉತ್ತರ: ಇಲ್ಲ, ಸೋಮವಾರ ನಮ್ಮನ್ನು ಯಾರೂ ಹಾಗೆ ಕೇಳಲಿಲ್ಲ. ಕೇಳಿದ್ದರೆ, ಅವನು ಇವತ್ತಿಗೂ ನಂಬುವ ಸೋದರಮಾವನ ಮನೆ ಎಂಟು ಕಿಲೋಮೀಟರ್ ದೂರದಲ್ಲಿದೆ ಎಂದು ಹೇಳುತ್ತಿದ್ದೆ. ಆಗ ನನಗೂ ಅದು ಹೊಳೆಯಲಿಲ್ಲ.

ನಿಮ್ಮ ಉತ್ತರಗಳನ್ನು ಓದಿದ ಮೇಲೆ ದಾಖಲಾತಿಯ ಟಿಪ್ಪಣಿಯಲ್ಲಿ ಏನು ಬರೆದಿದ್ದಾರೆಂದು ವೈದ್ಯೆಯನ್ನು ಕೇಳಿದೆ, ಅವರು ತಮ್ಮನ ಎದುರಿಗೇ ಓದಿ ಹೇಳಿದರು. ನೀರು ನಿಲ್ಲಿಸಿದ್ದು, ಬಿದ್ದದ್ದು, ‘ನೀರಿಲ್ಲದೆಯೂ ನಾನು ಇರಬಲ್ಲೆ’ ಎಂದು ಅವನು ಹೇಳಿದ್ದು, ಮನೆಯಲ್ಲಿ ಚಿಕಿತ್ಸೆ ಯಾಕೆ ಸಾಧ್ಯವಿಲ್ಲ ಎಂಬುದು, ಎಲ್ಲವೂ ಅದರಲ್ಲಿತ್ತು. ಆ ‘ನೀರಿಲ್ಲದೆಯೂ’ ಎಂಬ ಮಾತನ್ನು ಅವನು ಸೋಮವಾರ ಹೇಳಿರಲಿಲ್ಲ, ಅಥವಾ ಅವನನ್ನು ಯಾರೂ ಕೇಳಿರಲಿಲ್ಲ. ಈಗ ಹದಿನೇಳು ದಿನವಾಗಿದೆ. ಎರಡನೆಯ ವಾರದ ಪರಿಶೀಲನೆಯಲ್ಲಿ ಅವನಿಗೆ ಸಾಮರ್ಥ್ಯ ಮರಳಿದೆ ಎಂದರು. ಇನ್ನೂ ಒಂದು ವಾರ ತಾನಾಗಿಯೇ ಇರುತ್ತೇನೆಂದು ಒಪ್ಪಿ ಸ್ವತಂತ್ರ ರೋಗಿಯಾಗಿ ಉಳಿದಿದ್ದಾನೆ. ನಿನ್ನೆ ಅವನು ನನ್ನನ್ನು ಕೇಳಿದ್ದು ಒಂದೇ: ಇನ್ನು ಮುಂದೆ ಇಂಥ ಸಂದರ್ಭ ಬಂದರೆ ತನ್ನ ಪರವಾಗಿ ಸಹಿ ಹಾಕುವವಳು ನಾನಾಗಿರಬಾರದು, ಮಾವನಾಗಿರಬೇಕು ಎಂದು. ನನಗೆ ನೋವಾಯಿತು, ಆದರೆ ಕಾರಣ ಅರ್ಥವಾಯಿತು. ಇದನ್ನು ಮಾಡುವುದು ಹೇಗೆ? ಕೋರ್ಟಿಗೆ ಹೋಗಬೇಕೇ?

ಉತ್ತರ 5: ವಕೀಲ, ದಾವಣಗೆರೆ

ಕೋರ್ಟಿಗೆ ಹೋಗಬೇಕಾಗಿಲ್ಲ. ಸೆಕ್ಷನ್ 14ರ ಪ್ರಕಾರ ಬಿಳಿ ಹಾಳೆಯ ಮೇಲೆ ಬರೆದು, ಸಹಿ ಅಥವಾ ಹೆಬ್ಬೆಟ್ಟು ಹಾಕಿ ನಾಮನಿರ್ದೇಶಿತ ಪ್ರತಿನಿಧಿಯನ್ನು ನೇಮಿಸಿಕೊಳ್ಳಬಹುದು. ಮಾವ ಒಪ್ಪಬೇಕು. ಮುಂದೆ ಮನಸ್ಸು ಬದಲಾದರೆ ನಿಮ್ಮ ತಮ್ಮ ಅದನ್ನು ರದ್ದುಪಡಿಸಬಹುದು ಇಲ್ಲವೇ ಬದಲಾಯಿಸಬಹುದು. ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನೂ ಅವರು ಹೇಳಬಯಸಿದರೆ ಸೆಕ್ಷನ್ 5ರಂತೆ ಮುಂಗಡ ನಿರ್ದೇಶನ ಮಾಡಿಸಲಿ. ತುರ್ತು ಚಿಕಿತ್ಸೆಗೆ ಅದು ಅನ್ವಯಿಸುವುದಿಲ್ಲ, ಉಳಿದಂತೆ ಅದನ್ನು ಪಾಲಿಸಲು ಒಲ್ಲದ ವೈದ್ಯರಾಗಲಿ ಮನೆಯವರಾಗಲಿ ಪರಿಶೀಲನಾ ಮಂಡಳಿಗೆ ಅರ್ಜಿ ಹಾಕಿಕೊಳ್ಳಬೇಕಾಗುತ್ತದೆ. ಎರಡನ್ನೂ ಆಸ್ಪತ್ರೆಯಿಂದ ಹೊರಡುವ ಮೊದಲೇ ಬರೆದು, ಅದೇ ವೈದ್ಯೆಯ ಕೈಗೆ ಒಂದು ಪ್ರತಿ ಕೊಟ್ಟರೆ ಒಳ್ಳೆಯದು. ಬರೆಯುವಾಗ ನಿರ್ಧಾರ ಸಾಮರ್ಥ್ಯವಿತ್ತೇ ಎಂಬ ಪ್ರಶ್ನೆ ನಾಳೆ ಎದ್ದರೆ, ಎರಡನೆಯ ವಾರದ ಆ ಟಿಪ್ಪಣಿಯೇ ಅದಕ್ಕೆ ಉತ್ತರವಾಗುತ್ತದೆ.